ಎಲೆಯ ಕಂಕುಳಲ್ಲಿ ಮರದ ವಿಳಾಸ

ಕಾಡಿನಿಂದ ಒಂದೇ ಒಂದು ಎಲೆಯನ್ನು ಕಿತ್ತು ತಂದು ‘ಇದು ಯಾವ ಮರ?’ ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ, ಆ ಎಲೆ ಕೊಂಬೆಯ ಮೇಲೆ ಹೇಗೆ ಕೂತಿತ್ತು ಎಂಬುದು. ಬಹುತೇಕರು ಅದನ್ನು ಗಮನಿಸಿರುವುದಿಲ್ಲ. ಎಲೆಯ ಆಕಾರ ನೋಡಿದರೆ ಸಾಕು ಎಂಬ ನಂಬಿಕೆ ಬಲವಾಗಿದೆ. ಆದರೆ ಆಕಾರ ಬಲು ಚಂಚಲ. ಹಲಸಿನ ಎಳೆಯ ಗಿಡದಲ್ಲಿ ಸೀಳುಸೀಳಾದ ಎಲೆಗಳಿರುತ್ತವೆ, ಬಲಿತ ಮರದಲ್ಲಿ ಆ ಸೀಳುಗಳೇ ಮಾಯ. ಒಂದೇ ಮರದಲ್ಲಿ ನೆರಳಿನ ಎಲೆ ಅಗಲವಾಗಿ ತೆಳ್ಳಗಿದ್ದರೆ ಬಿಸಿಲಿನದು ಚಿಕ್ಕದಾಗಿ ದಪ್ಪಗಿರುತ್ತದೆ.

ಅಷ್ಟು ಸುಲಭವಾಗಿ ಬದಲಾಗದಿರುವುದು ಎಲೆ ಮತ್ತು ಮೊಗ್ಗಿನ ಸಂಬಂಧ: ಎಲೆಯೊಂದು ಕೊಂಬೆಯನ್ನು ಸೇರುವ ಕಂಕುಳಲ್ಲಿ ಮುಂದಿನ ಚಿಗುರಿನ ಮೊಗ್ಗಿರುತ್ತದೆ. ಬೇವಿನಲ್ಲಿ ನಾವು ಎಲೆ ಎನ್ನುವ ಗರಗಸದಂಚಿನ ತುಣುಕಿನ ಬುಡದಲ್ಲಿ ಎಷ್ಟು ಹುಡುಕಿದರೂ ಮೊಗ್ಗು ಸಿಗುವುದಿಲ್ಲ. ಅಂತಹ ಹತ್ತಾರು ತುಣುಕುಗಳನ್ನು ಹೊತ್ತ ಕಡ್ಡಿಯು ಕೊಂಬೆಯನ್ನು ಸೇರುವ ಕಂಕುಳಲ್ಲಿ ಮೊಗ್ಗು ಕಾಣುತ್ತದೆ. ಆದ್ದರಿಂದ ಇಡೀ ಕಡ್ಡಿಯೇ ಒಂದು ಎಲೆ, ತುಣುಕುಗಳು ಕಿರುಎಲೆಗಳು. ಕಿಟಕಿಗಳೆಷ್ಟೇ ಇದ್ದರೂ ಹೆಬ್ಬಾಗಿಲು ಒಂದಿದ್ದರೆ ಮನೆ ಒಂದೇ ಅಲ್ಲವೇ? ಪದಗಳೆಷ್ಟಿದ್ದರೂ ಪೂರ್ಣವಿರಾಮ ಒಂದಿದ್ದರೆ ವಾಕ್ಯ ಒಂದೇ. ಮೊಗ್ಗು ಆ ಪೂರ್ಣವಿರಾಮ. ಇದನ್ನು ತಪ್ಪಿದವರು ಮೊದಲ ಹೆಜ್ಜೆಯಲ್ಲೇ ಬೇರೆ ಕುಟುಂಬದ ದಾರಿ ಹಿಡಿಯುತ್ತಾರೆ.

1735ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಸಸ್ಯಲೋಕವನ್ನು ಮುಖ್ಯವಾಗಿ ಹೂವಿನ ಕೇಸರಗಳ (ಪರಾಗ ಹೊತ್ತ ಗಂಡು ಭಾಗಗಳ) ಲೆಕ್ಕದಲ್ಲಿ 24 ವರ್ಗಗಳಾಗಿ ಹಂಚಿದ. ಹೂವಿಲ್ಲದೆ ಗುರುತಿಸಲಾಗದು ಎಂಬ ಹಿಂಜರಿಕೆಗೆ ಅದೂ ಒಂದು ಕಾರಣವಿರಬೇಕು. ಆದರೆ ಎಲೆಗಳು ಎದುರುಬದುರಾಗಿದ್ದು ಎರಡು ತೊಟ್ಟುಗಳ ನಡುವೆ ಪುಟ್ಟ ಪೊರೆಯಿದ್ದರೆ ಕಾಫಿಯ ಕುಟುಂಬವನ್ನು ಹೂವಿಲ್ಲದೆಯೇ ಊಹಿಸಬಹುದು. ಚಿವುಟಿದಾಗ ಹಾಲು ಒಸರಿ, ಎಲೆಯ ಬುಡದಲ್ಲಿ ಕೊಂಬೆಯ ಸುತ್ತ ಉಂಗುರದಂತಹ ಗಾಯದ ಗುರುತು ಕಂಡರೆ ಆಲ, ಅತ್ತಿಗಳ ಬಳಗದ ಕಡೆ ನೋಡಬೇಕು. (ರಸವನ್ನು ನಾಲಿಗೆಗೆ ಸೋಕಿಸುವ ಸಾಹಸ ಬೇಡ, ಗೇರಿನ ಕುಟುಂಬದ ಕೆಲವು ಮರಗಳ ರಸ ತಾಗಿದರೆ ಚರ್ಮದ ಮೇಲೆ ಬೊಬ್ಬೆಗಳೇಳುತ್ತವೆ.)

ತೊಗಟೆಯ ಸರದಿ ಆಮೇಲಿನದು. ಒಳಗೆ ಮರ ದಪ್ಪವಾಗುತ್ತಲೇ ಇರುವಾಗ ಹೊರಗಿನ ಸತ್ತ ಪದರ ಹಿಗ್ಗಲಾರದೆ ಬಿರಿಯುತ್ತದೆ ಇಲ್ಲವೇ ಸುಲಿಯುತ್ತದೆ, ಮತ್ತು ಬಿರಿಯುವ ರೀತಿ ಜಾತಿಯಿಂದ ಜಾತಿಗೆ ಬೇರೆ. ಹೊಳೆಮತ್ತಿ ಮತ್ತು ಕರಿಮತ್ತಿ ಹತ್ತಿರದ ನೆಂಟರು, ಎರಡರ ಎಲೆಬುಡದಲ್ಲೂ ಸಾಮಾನ್ಯವಾಗಿ ಜೋಡಿ ಗ್ರಂಥಿಗಳು (ಪುಟ್ಟ ಉಬ್ಬುಗಳು) ಇರುತ್ತವೆ. ಆದರೆ ಮೊದಲನೆಯದರ ಕಾಂಡ ನುಣುಪಾಗಿ, ತೆಳು ಬಣ್ಣದ ಹಾಳೆಗಳಾಗಿ ಸುಲಿದರೆ ಎರಡನೆಯದು ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಸೀಳಿರುತ್ತದೆ. ಎಳೆಯ ಮರದಲ್ಲಿ ಈ ಬಿರುಕುಗಳು ಇನ್ನೂ ಮೂಡಿರುವುದಿಲ್ಲವಾದ್ದರಿಂದ ಬಲಿತ ಕಾಂಡವನ್ನೇ ನೋಡಬೇಕು.

ಹಾಗಾಗಿ ತರುವುದಾದರೆ ತುದಿಮೊಗ್ಗಿನ ಸಮೇತ ನಾಲ್ಕಾರು ಎಲೆಗಳಿರುವ ರೆಂಬೆಯನ್ನು ತನ್ನಿ, ಜೊತೆಗೆ ಕಾಂಡದ ಚಿತ್ರವಿರಲಿ. ಹಾಲಿನ ಬಣ್ಣವನ್ನೂ ಚಿವುಟಿದ ಎಲೆಯ ವಾಸನೆಯನ್ನೂ ಮರದ ಬುಡದಲ್ಲೇ ಬರೆದುಕೊಳ್ಳಿ. ಒಣಗಿದ ರೆಂಬೆಯಲ್ಲಿ ಅವೆರಡೂ ಉಳಿಯುವುದು ಅಪರೂಪ.