ಕಚ್ಚಿದ ಹಾವನ್ನೂ ಆಸ್ಪತ್ರೆಗೆ ತರಬೇಕಾ?

ಪ್ರಶ್ನೆ: ನಮ್ಮೂರಲ್ಲಿ ಯಾರಿಗಾದರೂ ಹಾವು ಕಚ್ಚಿದರೆ ಮೊದಲು ಅದನ್ನು ಹೊಡೆದು, ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೋಗುತ್ತಾರೆ. ಯಾವ ಹಾವು ಅಂತ ತಿಳಿಯದಿದ್ದರೆ ಡಾಕ್ಟರು ಔಷಧಿ ಕೊಡುವುದು ಹೇಗೆ?

ತರಬೇಡಿ. ಹಾವು ಹುಡುಕುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ, ಇನ್ನೊಬ್ಬರಿಗೂ ಕಚ್ಚಬಹುದು. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು.

ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ವಿಷನಿರೋಧಕ ಒಂದೇ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಅದೇ ಮದ್ದು. ಡಾಕ್ಟರು ನೋಡುವುದು ಹಾವನ್ನಲ್ಲ, ಕಚ್ಚಿಸಿಕೊಂಡವರ ಮೈಯನ್ನು. 2 ಎಂ.ಎಲ್. ರಕ್ತ ತೆಗೆದು ಗಾಜಿನ ಟ್ಯೂಬಿನಲ್ಲಿ ಅಲ್ಲಾಡಿಸದೆ 20 ನಿಮಿಷ ಇಡುತ್ತಾರೆ. ಆಮೇಲೂ ಹೆಪ್ಪುಗಟ್ಟದಿದ್ದರೆ ಸಾಮಾನ್ಯವಾಗಿ ಅದು ಮಂಡಲದ ಕೆಲಸ. ರೆಪ್ಪೆ ಜೋತು ಬಿದ್ದರೆ, ಮಾತು ತೊದಲಿದರೆ ಹೆಚ್ಚಾಗಿ ನಾಗರ ಅಥವಾ ಕಟ್ಟುಹಾವು. ವಿಷ ಏರಿದ ಲಕ್ಷಣ ಕಂಡರೆ ಮೊದಲು 10 ವಯಲ್ (ಮದ್ದಿನ ಪುಟ್ಟ ಸೀಸೆ) ಹಾಕುವುದು ರೂಢಿ. ಮಕ್ಕಳಿಗೂ ಅಷ್ಟೇ, ಹಾವು ಚಿಕ್ಕವರು ಅಂತ ವಿಷ ಕಡಿಮೆ ಬಿಡುವುದಿಲ್ಲವಲ್ಲ!

ಅಲ್ಲದೆ ಗಾಬರಿಯಲ್ಲಿ, ಟಾರ್ಚ್ ಬೆಳಕಲ್ಲಿ ಹಾವು ಗುರುತಿಸುವುದು ಸುಲಭವಲ್ಲ. ತೋಳದ ಹಾವಿಗೆ ವಿಷವಿಲ್ಲ, ಆದರೆ ಥೇಟ್ ಕಟ್ಟುಹಾವಿನಂತೆ ಕಾಣುತ್ತದೆ. ಕಟ್ಟುಹಾವಿನ ಬಿಳಿ ಪಟ್ಟೆಗಳು ತಲೆಯ ಹತ್ತಿರ ಮಸುಕು, ಬಾಲದ ಕಡೆ ಎದ್ದು ಕಾಣುತ್ತವೆ. ತೋಳದ ಹಾವಿನದು ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಮಣ್ಣುಮುಕ್ಕನನ್ನು ಕೊಳಕುಮಂಡಲ ಅಂದುಕೊಂಡು ಕೊಲ್ಲುವುದೂ ಇದೆ. ತಪ್ಪಿ ಇದರ ಉಲ್ಟಾ ಆದರೆ? "ಏನೂ ಆಗಲ್ಲ, ಮಣ್ಣುಮುಕ್ಕ" ಅಂತ ಮನೆಯಲ್ಲೇ ಕೂತವರ ಗತಿ ಯೋಚಿಸಿ.

ದೂರದಿಂದ ಫೋಟೊ ಸಿಕ್ಕರೆ ತೆಗೆಯಿರಿ, ಮಲೆನಾಡಿನವರಂತೂ. ಕಾಳಿಂಗಕ್ಕೂ, ತರಗೆಲೆಯ ಮರೆಯಲ್ಲಿರುವ, ಮೂತಿ ಮೇಲೆತ್ತಿದ ಪುಟ್ಟ ಗುಳಿಮಂಡಲಕ್ಕೂ ಈ ಮದ್ದು ನೆಚ್ಚುವಂಥದ್ದಲ್ಲ. ಆಗ ಚಿಕಿತ್ಸೆಯ ದಾರಿಯೇ ಬೇರೆ.

ಕಟ್ಟುಹಾವಿನ ವಿಷಯದಲ್ಲಿ ತರಲು ಹಾವೇ ಇರುವುದಿಲ್ಲ. ಅದು ಕಚ್ಚುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರಿಗೆ. ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆ ನುಲಿಯುತ್ತದೆ, ಮನೆಯವರು ಗ್ಯಾಸ್ ಅಂತ ಸೋಡಾ ಕುಡಿಸುತ್ತಾರೆ. ಆಮೇಲೆ ರೆಪ್ಪೆ ಎತ್ತಲು ಆಗುವುದಿಲ್ಲ, ಎಂಜಲು ನುಂಗಲು ಆಗುವುದಿಲ್ಲ. ಅಷ್ಟರಲ್ಲಿ ಉಸಿರಾಟದ ಸ್ನಾಯುಗಳೂ ಸೋಲುತ್ತಿರುತ್ತವೆ. ನೆಲದಲ್ಲಿ ಮಲಗಿ ಎದ್ದವರಿಗೆ ಹೀಗಾದರೆ ಕಚ್ಚಿದ ಗುರುತು ಹುಡುಕುತ್ತಾ ಕೂರಬೇಡಿ, ಹೊರಡಿ.

ಮನೆಯಲ್ಲಿ ಮಾಡುವುದು ಸ್ವಲ್ಪವೇ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ, ಊದಿದ ಮೇಲೆ ಬರುವುದಿಲ್ಲ. ಕಚ್ಚಿದ ಕೈಕಾಲು ಅಲುಗದಂತೆ ಮರದ ಪಟ್ಟಿ ಇಟ್ಟು ಸಡಿಲವಾಗಿ ಕಟ್ಟಿ. ಹಗ್ಗದಿಂದ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಲ್ಲಿ ಹೀರುವುದು ಬೇಡವೇ ಬೇಡ. ನಾಟಿ ಔಷಧಿಯವರ ಮನೆಗೆ ಹೋಗಿ ಬರುವ ಸಮಯವೂ ನಮ್ಮಲ್ಲಿಲ್ಲ. ನಡೆಸಬೇಡಿ, 108ಕ್ಕೆ ಫೋನ್ ಮಾಡಿ. ಗಾಡಿ ತಡವಾದರೆ ಬೈಕಿನಲ್ಲಾದರೂ ಸರಿ, ಇಬ್ಬರ ನಡುವೆ ಕೂರಿಸಿಕೊಂಡು ಹೊರಡಿ.

2024ರಿಂದ ಕರ್ನಾಟಕದಲ್ಲಿ ಆಸ್ಪತ್ರೆಗಳು ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು. ಹಾಗಂತ ಎಲ್ಲ ಕಡೆ ಮದ್ದು ಇದ್ದೇ ಇರುತ್ತದೆ ಅಂತಲ್ಲ. ಹೊರಡುವಾಗಲೇ ತಾಲ್ಲೂಕು ಆಸ್ಪತ್ರೆಗೆ ಒಂದು ಫೋನ್ ಮಾಡಿ, ಮದ್ದು ಇದೆಯಾ, ವೆಂಟಿಲೇಟರ್ ಇದೆಯಾ ಅಂತ ಕೇಳಿ.