ಮೃಗಾಲಯದ ಹುಲಿಯನ್ನು ಕಪ್ಪತಗುಡ್ಡಕ್ಕೆ ಬಿಟ್ಟರೆ ಬದುಕುತ್ತದೆಯೇ?

ಓದುಗರ ಪ್ರಶ್ನೆ: ಬಿಂಕದಕಟ್ಟಿ ಮೃಗಾಲಯಕ್ಕೆ ಹೋದಾಗಲೆಲ್ಲ ಹುಲಿಯ ಮುಂದೆ ನಿಂತು ಮಕ್ಕಳು ಕೇಳುವುದು ಒಂದೇ: "ಇದನ್ನು ಕಾಡಿಗೆ ಬಿಟ್ಟರೆ ಆಗುವುದಿಲ್ಲವೇ?" ಕಪ್ಪತಗುಡ್ಡ ಹತ್ತಿರದಲ್ಲೇ ಇದೆ, ಅಭಯಾರಣ್ಯವೂ ಆಗಿದೆ. ಅಲ್ಲಿ ಬಿಟ್ಟರೆ ಹುಲಿ ತಾನೇ ಬೇಟೆಯಾಡಿ ಬದುಕಿಕೊಳ್ಳುವುದಿಲ್ಲವೇ?
– ಗದಗದ ಓದುಗರೊಬ್ಬರು

ಬದುಕುವುದಿಲ್ಲ. ಈ ಪ್ರಶ್ನೆಯ ಹಿಂದಿರುವ ಮರುಕ ಅರ್ಥವಾಗುತ್ತದೆ. ಕಾಡಿನಲ್ಲಿ ರಾತ್ರಿಯೆಲ್ಲ ಕಿಲೋಮೀಟರುಗಟ್ಟಲೆ ನಡೆಯುವ ಪ್ರಾಣಿ ಬೇಲಿಯ ಗುಂಟ ಅದದೇ ಹೆಜ್ಜೆ ಹಾಕುವುದನ್ನು ನೋಡಿದರೆ ಯಾರ ಮನಸ್ಸಾದರೂ ಕರಗುತ್ತದೆ. ಆದರೂ ಉತ್ತರ ಅದೇ. ತಿದ್ದಿಕೊಳ್ಳಬೇಕಾದದ್ದು ಆ ಉತ್ತರಕ್ಕೆ ನಾವು ಕೊಡುವ ಕಾರಣವನ್ನು. "ಮೃಗಾಲಯದ ಹುಲಿಗೆ ಕೊಲ್ಲಲು ಬರುವುದಿಲ್ಲ, ಉಪವಾಸ ಬಿದ್ದು ಸಾಯುತ್ತದೆ" ಎಂದು ಹೇಳಿ ಮುಗಿಸುವವರೇ ಹೆಚ್ಚು. ಅದು ಪೂರ್ತಿ ನಿಜವಲ್ಲ.

ಕೊಲ್ಲುವ ಗುಣ ಹುಲಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಹಾಲು ಅನ್ನ ತಿಂದು ಬೆಳೆದ ಮನೆಯ ಬೆಕ್ಕು ಕೂಡ ಇಲಿಯ ಸಪ್ಪಳ ಕೇಳಿದೊಡನೆ ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಬಾಲದ ತುದಿ ಆಡಿಸುತ್ತಾ ಹೊಂಚು ಹಾಕುವಂತೆ, ಪಂಜರದಲ್ಲಿ ಹುಟ್ಟಿದ ಹುಲಿಯೂ ಓಡುವ ಪ್ರಾಣಿಯನ್ನು ಕಂಡರೆ ಬೆನ್ನು ಹತ್ತುತ್ತದೆ. ಚೀನಾದ ಮೃಗಾಲಯಗಳಲ್ಲಿ ಹುಟ್ಟಿದ ದಕ್ಷಿಣ ಚೀನಾ ತಳಿಯ ಹುಲಿಮರಿಗಳನ್ನು 2003ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಕೊಂಡೊಯ್ದು, ಬೇಲಿ ಹಾಕಿದ ವಿಶಾಲವಾದ ಹುಲ್ಲುಗಾವಲಿನಲ್ಲಿ ಬಿಟ್ಟಿದ್ದರು. ತಾಯಿಯ ನೆರವಿಲ್ಲದೆಯೇ ಅವು ನಿಧಾನವಾಗಿ ಅಲ್ಲಿನ ಜಿಂಕೆಯಂಥ ಪ್ರಾಣಿಗಳನ್ನು ಹಿಡಿಯಲು ಕಲಿತವು. ಆದರೆ ಬೇಲಿಯ ಆಚೆ ಅವುಗಳನ್ನು ಬಿಡಲಿಲ್ಲ. ಏಕೆ ಎಂಬುದರಲ್ಲೇ ನಿಮ್ಮ ಪ್ರಶ್ನೆಯ ಉತ್ತರವಿದೆ.

ಕುತ್ತಿಗೆಗೆ ಬಾಯಿ ಹಾಕುವ ಕೊನೆಯ ಕ್ಷಣ ಬೇಟೆಯ ಅತ್ಯಂತ ಚಿಕ್ಕ ಭಾಗ. ನಮಗೆ ಹತ್ತಿರದ ಹುಲಿ ಕಾಡು ದಾಂಡೇಲಿ ಕಡೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿನ ಒಂದು ಬಯಲಿನಲ್ಲಿ ಸಂಜೆ ಹೊತ್ತು ಚುಕ್ಕೆ ಜಿಂಕೆಗಳ ಹಿಂಡು ಮೇಯುತ್ತಿದೆ ಎಂದುಕೊಳ್ಳಿ. ಹೆಣ್ಣು ಹುಲಿಯೊಂದು ಬಯಲಿನ ಅಂಚಿನ ಪೊದೆಗಳ ಮರೆಯಲ್ಲಿದೆ. ಹುಲಿ ದೂರ ಓಡುವ ಪ್ರಾಣಿಯಲ್ಲ. ಮೈಭಾರ ಹೆಚ್ಚು, ದಮ್ಮು ಕಡಿಮೆ. ಇಪ್ಪತ್ತು ಮೀಟರಿನ ಆಸುಪಾಸಿಗೆ ಹೋಗದಿದ್ದರೆ ಅದರ ಜಿಗಿತಕ್ಕೆ ಅರ್ಥವೇ ಇಲ್ಲ. ಆದ್ದರಿಂದ ಅದು ತೆವಳುತ್ತದೆ. ಮುಂಗಾಲು ಇಟ್ಟ ಜಾಗದಲ್ಲೇ ಹಿಂಗಾಲು ಇಡುತ್ತದೆ. ಒಣ ಎಲೆ ಒಂದು ಸಲವೂ ಮುರಿಯಬಾರದು. ಜಿಂಕೆ ತಲೆ ಎತ್ತಿದರೆ ಹುಲಿ ಇದ್ದಲ್ಲೇ ಕಲ್ಲಾಗುತ್ತದೆ, ಎತ್ತಿದ ಕಾಲು ಎತ್ತಿದಂತೆಯೇ ಇರುತ್ತದೆ. ಅದರ ಕಿತ್ತಳೆ ಬಣ್ಣ ನಮ್ಮ ಕಣ್ಣಿಗೆ ಹೊಡೆದು ಕಾಣುತ್ತದೆ. ಆದರೆ ಜಿಂಕೆಗೆ ಕೆಂಪು ಮತ್ತು ಹಸಿರಿನ ನಡುವಿನ ವ್ಯತ್ಯಾಸ ತಿಳಿಯದು, ಅದಕ್ಕೆ ಹುಲಿಯ ಮೈ ಹುಲ್ಲಿನ ಜೊತೆ ಬೆರೆತು ಹೋಗುತ್ತದೆ. ಅಲುಗಿದರೆ ಮಾತ್ರ ಗುಟ್ಟು ರಟ್ಟು.

ಈ ತೆವಳಾಟಕ್ಕೆ ಕೆಲವೊಮ್ಮೆ ಅರ್ಧ ಗಂಟೆ, ಇನ್ನೂ ಹೆಚ್ಚೂ ಹಿಡಿಯುತ್ತದೆ. ಆಗ ಮರದ ಮೇಲಿನ ಮುಸುವವೊಂದು ಕೆಳಗೆ ನೋಡಿ ಕೆಮ್ಮಿದಂತೆ ಕೂಗಿತು ಎಂದರೆ ಮುಗಿಯಿತು. ಜಿಂಕೆಗಳು ಕಾಲು ಅಪ್ಪಳಿಸುತ್ತವೆ, ಆಚೆ ದಿಬ್ಬದಿಂದ ಕಡವೆ ಗದರಿದಂತೆ ಕೂಗುತ್ತದೆ. ಅನುಭವವಿರುವ ಹುಲಿ ಆಮೇಲೆ ಓಡಿ ದಣಿಯುವುದಿಲ್ಲ. ಅಡಗಿದ ಜಾಗದಿಂದ ಎದ್ದು, ಎಲ್ಲರಿಗೂ ಕಾಣುವಂತೆ ನಡೆದು ಹೋಗಿಬಿಡುತ್ತದೆ. ಈ ಬಿಟ್ಟುಕೊಡುವ ಬುದ್ಧಿಯೂ ಕಲಿತು ಬರುವಂಥದ್ದು.

ಸಿಕ್ಕರೆ, ದೊಡ್ಡ ಪ್ರಾಣಿಯಾದರೆ ಗಂಟಲು ಹಿಡಿದು ಉಸಿರುಗಟ್ಟಿಸುತ್ತದೆ. ಸಣ್ಣದಾದರೆ ಹಿಂಗತ್ತಿನ ಮೂಳೆ ಮುರಿಯುತ್ತದೆ. ಆಮೇಲೆ ಹೆಣವನ್ನು ನೆರಳಿಗೋ ನೀರಿನ ಹತ್ತಿರಕ್ಕೋ ಎಳೆದೊಯ್ದು ಸಾಮಾನ್ಯವಾಗಿ ಹಿಂಭಾಗದಿಂದ ತಿನ್ನಲು ಶುರು ಮಾಡುತ್ತದೆ. ಹೊಟ್ಟೆಯ ಚೀಲವನ್ನು ಬೇರೆ ಮಾಡಿ ದೂರ ಇಡುತ್ತದೆ. ಒಂದು ಹೊತ್ತಿಗೆ ಇಪ್ಪತ್ತು ಮೂವತ್ತು ಕಿಲೋ ತಿಂದು, ಉಳಿದದ್ದರ ಮೇಲೆ ಎಲೆ, ಮಣ್ಣು ಕೆದರಿ ಮುಚ್ಚಿ, ಮೂರು ನಾಲ್ಕು ದಿನ ಅಲ್ಲಿಯೇ ಸುತ್ತಾಡುತ್ತದೆ. ಈ ಅಭ್ಯಾಸವನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ಬಹಳ ಸಲ ಸೋಲುವುದೇ ಹೆಚ್ಚು. 1960ರ ದಶಕದಲ್ಲಿ ಮಧ್ಯಪ್ರದೇಶದ ಕಾನ್ಹಾದಲ್ಲಿ ಹುಲಿಗಳನ್ನು ಅಧ್ಯಯನ ಮಾಡಿದ ಜಾರ್ಜ್ ಶಾಲರ್, ಇಪ್ಪತ್ತರಷ್ಟು ಯತ್ನಗಳಿಗೆ ಒಂದು ಗೆಲುವು ಇರಬಹುದು ಎಂದು ಅಂದಾಜು ಮಾಡಿದ್ದರು. ರಷ್ಯಾದ ಪೂರ್ವದ ಕಾಡುಗಳಲ್ಲಿ ಹಿಮದ ಮೇಲಿನ ಹೆಜ್ಜೆ ಓದಿ ಲೆಕ್ಕ ಹಾಕಿದವರಿಗೆ ಗೆಲುವಿನ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು ಸಿಕ್ಕಿತು. ಎರಡೂ ಲೆಕ್ಕಗಳನ್ನು ಒಟ್ಟಿಗೆ ಇಟ್ಟುಕೊಂಡು ಓದುವುದು ಒಳ್ಳೆಯದು. ನಾವು ಕಣ್ಣಾರೆ ಕಾಣುವುದು ಹಗಲು ಹೊತ್ತಿನ, ಬಯಲಿನ ಯತ್ನಗಳನ್ನು, ಅಂದರೆ ಹುಲಿಗೆ ಅನುಕೂಲ ಕಡಿಮೆ ಇರುವಂಥವನ್ನು. ರಾತ್ರಿ ಪೊದೆಗಳ ನಡುವೆ ನಡೆದದ್ದು ಲೆಕ್ಕಕ್ಕೆ ಸಿಗುವುದು ಹೆಜ್ಜೆ ಅಳಿಯದ ಹಿಮದಲ್ಲಿ ಮಾತ್ರ.

ನಾಗರಹೊಳೆಯಲ್ಲಿ ದೀರ್ಘಕಾಲ ಕೆಲಸ ಮಾಡಿದ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರ ಲೆಕ್ಕದಂತೆ ಒಂದು ಹುಲಿಗೆ ವರ್ಷಕ್ಕೆ ಜಿಂಕೆ, ಕಡವೆ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು. ಅಂದರೆ ವಾರಕ್ಕೊಂದು. ಮರಿಗಳಿರುವ ತಾಯಿಗೆ ಇನ್ನೂ ಹೆಚ್ಚು. ಈ 50 ಬಲಿಗಳನ್ನು ಕೊಟ್ಟೂ ಹಿಂಡುಗಳು ಕರಗದಿರಬೇಕಾದರೆ ಆ ಹುಲಿಯ ವ್ಯಾಪ್ತಿಯಲ್ಲಿ ಸುಮಾರು 500 ಪ್ರಾಣಿಗಳು ಇರಬೇಕು. ಹುಲಿಯ ಬದುಕಿನ ಬಗ್ಗೆ ಒಂದೇ ಸಂಖ್ಯೆ ನೆನಪಿಡುವುದಾದರೆ ಈ 500 ಅನ್ನು ಇಟ್ಟುಕೊಳ್ಳಿ.

ಮೇಲೆ ಹೇಳಿದ ಒಂದೊಂದನ್ನೂ ಮರಿ ಕಲಿಯುವುದು ತಾಯಿಯ ಜೊತೆ. ಆರು ತಿಂಗಳ ಹೊತ್ತಿಗೆ ತಾಯಿ ಕೊಂದ ಪ್ರಾಣಿಯ ಬಳಿ ಹೋಗಿ ತಿನ್ನುವುದು ರೂಢಿಯಾಗಿರುತ್ತದೆ. ವರ್ಷ ತುಂಬಿ ಗಟ್ಟಿ ಕೋರೆಹಲ್ಲು ಬರುವವರೆಗೆ ದೊಡ್ಡ ಪ್ರಾಣಿಯನ್ನು ಕೊಲ್ಲುವ ಶಕ್ತಿ ಇರುವುದಿಲ್ಲ. ಒಂದೂವರೆ, ಎರಡು ವರ್ಷಕ್ಕೆ ತಾಯಿಯಿಂದ ಬೇರೆಯಾಗುತ್ತವೆ. ಅಷ್ಟರೊಳಗೆ ಯಾವ ತಿಂಗಳಲ್ಲಿ ಯಾವ ಹಳ್ಳ ಬತ್ತುತ್ತದೆ, ಕಾಟಿಯ ಕರುವಿಗೆ ಕೈ ಹಾಕಿದರೆ ತಾಯಿ ಕಾಟಿ ಏನು ಮಾಡುತ್ತದೆ, ಮುಳ್ಳುಹಂದಿಯ ತಂಟೆಗೆ ಹೋದರೆ ಏನಾಗುತ್ತದೆ ಎಂಬುದೆಲ್ಲ ತಿಳಿದಿರಬೇಕು. ಮುಂಗಾಲಿಗೆ ನೆಟ್ಟ ಮುಳ್ಳುಹಂದಿಯ ಒಂದು ಮುಳ್ಳು ಕೀವಾದರೆ ಸಾಕು, ಆ ಹುಲಿ ಜಿಂಕೆಯ ಹಿಂದೆ ಓಡಲಾರದು. ಕಾಡಿನ ಹುಲಿಗೆ ಆಸ್ಪತ್ರೆ ಇಲ್ಲ, ರಜೆಯೂ ಇಲ್ಲ. ಕಾಡಿನಲ್ಲೇ ಹುಟ್ಟಿದ ಮರಿಗಳಲ್ಲೂ ಸುಮಾರು ಅರ್ಧದಷ್ಟು ಎರಡು ವರ್ಷ ಮುಟ್ಟುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮನುಷ್ಯನಿಂದ ದೂರ ಇರಬೇಕು ಎಂಬುದನ್ನೂ ಮರಿ ತಾಯಿಯಿಂದಲೇ ಕಲಿಯುತ್ತದೆ. ದೂರದಲ್ಲಿ ಕೊಡಲಿಯ ಸದ್ದು ಕೇಳಿದರೆ ತಾಯಿ ದಾರಿ ಬದಲಿಸುತ್ತಾಳೆ, ಮರಿಗಳು ಅವಳ ಹಿಂದೆ ಹೋಗುತ್ತವೆ. ಇದು ನೂರಾರು ಸಲ ನಡೆಯುತ್ತದೆ. ಕಾಡಿನಂಚಿನ ಊರುಗಳ ಜನ ಹುಲಿಯ ಜೊತೆ ನೆಲ ಹಂಚಿಕೊಂಡು ಬದುಕಿರುವುದು ಈ ಅಂಜಿಕೆಯ ಬಲದಿಂದಲೇ. ಮೃಗಾಲಯದ ಹುಲಿಗೆ ಮನುಷ್ಯ ಎಂದರೆ ಮಾಂಸ ಹೊತ್ತು ತರುವವನು, ಕಬ್ಬಿಣದ ಬಾಗಿಲ ಸದ್ದು ಎಂದರೆ ಊಟ. ಅಂಥ ಹುಲಿ ಹಸಿದಾಗ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ: ಜನರ ಸದ್ದು ಇರುವ ಕಡೆಗೆ.

ಭಾರತದಲ್ಲಿ ಇದನ್ನು ಒಬ್ಬರು ಮಾಡಿ ನೋಡಿದ್ದಾರೆ. ವನ್ಯಜೀವಿ ಸಂರಕ್ಷಕ ಬಿಲ್ಲಿ ಅರ್ಜನ್ ಸಿಂಗ್ 1976ರಲ್ಲಿ ಇಂಗ್ಲೆಂಡಿನ ಮೃಗಾಲಯವೊಂದರಿಂದ ತಾರಾ ಎಂಬ ಹೆಣ್ಣು ಮರಿಯನ್ನು ತಂದು ಉತ್ತರಪ್ರದೇಶದ ದುಧ್ವಾದಲ್ಲಿ ಸಾಕಿ ಕಾಡಿಗೆ ಬಿಟ್ಟರು. ಅವಳು ಬೇಟೆಯಾಡಿದಳು, ಮರಿಗಳನ್ನೂ ಹೆತ್ತಳು. ಆದರೆ ಅದೇ ವರ್ಷಗಳಲ್ಲಿ ಆ ಪ್ರದೇಶದಲ್ಲಿ ಜನರ ಮೇಲೆ ಹುಲಿ ದಾಳಿಗಳು ಹೆಚ್ಚಾದವು. 1980ರಲ್ಲಿ ಗುಂಡಿಗೆ ಬಲಿಯಾದ ಹೆಣ್ಣು ಹುಲಿ ತಾರಾಳೇ ಎಂದು ಅರಣ್ಯ ಇಲಾಖೆ ಹೇಳಿತು. ಅರ್ಜನ್ ಸಿಂಗ್ ಕೊನೆಯವರೆಗೂ ಒಪ್ಪಲಿಲ್ಲ. ಇನ್ನೊಂದು ತೊಡಕೂ ಹೊರಬಿತ್ತು. ತಾರಾಳ ವಂಶದಲ್ಲಿ ಸೈಬೀರಿಯಾ ಹುಲಿಯ ಬೆರಕೆ ಇತ್ತು, ಅದರ ಗುರುತು ದುಧ್ವಾದ ಹುಲಿಗಳಲ್ಲಿ ಆಮೇಲೆ ಕಾಣಿಸಿತು. ಮೃಗಾಲಯದ ಹುಲಿಗಳ ವಂಶಾವಳಿ ಹಲವು ಕಡೆ ಇಷ್ಟೇ ಗೋಜಲು.

ಹಾಗಾದರೆ ಗೆದ್ದ ಉದಾಹರಣೆ ಇಲ್ಲವೇ? ಇವೆ, ಮತ್ತು ಅವು ನಿಜಕ್ಕೂ ಹೆಮ್ಮೆ ಪಡುವಂಥವು. ಮಧ್ಯಪ್ರದೇಶದ ಪನ್ನಾದಲ್ಲಿ 2009ರ ಹೊತ್ತಿಗೆ ಒಂದು ಹುಲಿಯೂ ಉಳಿದಿರಲಿಲ್ಲ. ಹೊರಗಿನಿಂದ ತಂದು ಬಿಟ್ಟ ಹುಲಿಗಳಲ್ಲಿ ಇಬ್ಬರು ಅಕ್ಕ ತಂಗಿಯರು ಕಾನ್ಹಾದಲ್ಲಿ ತಾಯಿಯನ್ನು ಕಳೆದುಕೊಂಡಿದ್ದ ಮರಿಗಳು. ಅವು ದೊಡ್ಡ ಆವರಣದೊಳಗೆ ಜೀವಂತ ಜಿಂಕೆ ಹಿಡಿಯುತ್ತಾ ಬೆಳೆದವು. 2011ರಲ್ಲಿ ಕಾಡಿಗೆ ಬಿಟ್ಟ ಮೇಲೆ ಅವುಗಳಲ್ಲಿ ಟಿ4 ಎಂಬುದು ಅದೇ ವರ್ಷ ಮರಿ ಹಾಕಿತು. ರಷ್ಯಾದಲ್ಲಿ 2012ರಲ್ಲಿ ಹಿಮದಲ್ಲಿ ಸಿಕ್ಕ ಜೋಲುಷ್ಕಾ ಎಂಬ ಅನಾಥ ಮರಿಯನ್ನು ಮನುಷ್ಯರ ಮುಖ ಕಾಣದಂತೆ ಸಾಕಿ 2013ರಲ್ಲಿ ಬಿಟ್ಟರು. ಅದೂ 2015ರಲ್ಲಿ ತಾಯಿಯಾಯಿತು. ಇವೆಲ್ಲ ಕಾಡಿನಲ್ಲೇ ಹುಟ್ಟಿದ ಮರಿಗಳು ಎಂಬುದನ್ನು ಗಮನಿಸಿ. ಅನಾಥ ಮರಿಗಳಿಗಾಗಿ ನಮ್ಮ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮಾಡಿರುವ ನಿಯಮವೂ ಸಡಿಲವಾಗಿಲ್ಲ: ಆವರಣದೊಳಗೆ ಕನಿಷ್ಠ 50 ಬೇಟೆಗಳನ್ನು ಯಶಸ್ವಿಯಾಗಿ ಮಾಡಿದ ಮೇಲಷ್ಟೇ ಕಾಡಿಗೆ ಬಿಡುವ ಮಾತು. ಕಾಡಿನ ಹುಲಿಗೇ ಹೊಸ ನೆಲ ಒಗ್ಗದಿರುವುದೂ ಉಂಟು. 2018ರಲ್ಲಿ ಒಡಿಶಾದ ಸತ್ಕೋಸಿಯಾಕ್ಕೆ ಮಧ್ಯಪ್ರದೇಶದಿಂದ ಒಯ್ದ ಎರಡು ಕಾಡು ಹುಲಿಗಳಲ್ಲಿ ಗಂಡು ಆ ವರ್ಷವೇ ಸತ್ತಿತು, ಹೆಣ್ಣನ್ನು ಜನರ ವಿರೋಧದಿಂದ ಸೆರೆ ಹಿಡಿಯಬೇಕಾಯಿತು.

ಈಗ ಕಪ್ಪತಗುಡ್ಡಕ್ಕೆ ಬರೋಣ. 2019ರಲ್ಲಿ ವನ್ಯಜೀವಿಧಾಮವಾಗಿ ಘೋಷಣೆಯಾದ ಈ ಗುಡ್ಡಸಾಲಿನ ವಿಸ್ತೀರ್ಣ ಸುಮಾರು 244 ಚದರ ಕಿಲೋಮೀಟರ್. ಚಿರತೆ, ತೋಳ, ಕತ್ತೆಕಿರುಬ, ಕೊಂಡಕುರಿ, ಮುಳ್ಳುಹಂದಿ, ನವಿಲು ಅಲ್ಲಿವೆ. ಗದಗಿನಂಥ ಬಿಸಿಲು ನಾಡಿಗೆ ಅದೊಂದು ಭಾಗ್ಯ, ಈ ಮಾತನ್ನು ಹಗುರವಾಗಿ ಹೇಳುತ್ತಿಲ್ಲ. ಆದರೆ ಅದು ಕುರುಚಲು ಕಾಡು. ಕಡವೆ, ಕಾಟಿಗಳ ದೊಡ್ಡ ಹಿಂಡುಗಳು ಅಲ್ಲಿಲ್ಲ. ಮೊಲ, ನವಿಲು, ಹಂದಿಮರಿ, ಊರ ನಾಯಿ ತಿಂದು ಚಿರತೆ ದಿನ ದೂಡಬಲ್ಲದು. ಅದರ ಮೂರ್ನಾಲ್ಕು ಪಟ್ಟು ತೂಕದ ಹುಲಿಗೆ ಅದು ಸಾಲದು. ಮತ್ತೊಂದೆಡೆ ಮುಂಡರಗಿ, ಶಿರಹಟ್ಟಿ, ಡಂಬಳ, ಡೋಣಿ ಸುತ್ತಲಿನ ಕುರಿಗಾಹಿಗಳ ಹಿಂಡುಗಳು ಗುಡ್ಡದ ಸೆರಗಿನಲ್ಲೇ ಮೇಯುತ್ತವೆ, ರಾತ್ರಿ ಬಲೆಯ ದಡ್ಡಿಯೊಳಗೆ ತಂಗುತ್ತವೆ. ಅಲ್ಲಿ ಹುಲಿ ಬಿಟ್ಟರೆ ಮೊದಲ ವಾರ ಅದರ ಬಾಯಿಗೆ ಸಿಗುವುದು ಕುರಿ. ಆ ದಡ್ಡಿಯ ಪಕ್ಕದಲ್ಲಿ ಕಂಬಳಿ ಹೊದ್ದು ಮಲಗಿರುವವನು ಮನುಷ್ಯ.

ಕಾಳಿಗೆ ಬಿಟ್ಟರೆ? ಅಲ್ಲಿ ಹುಲಿಗಳು ಮೊದಲೇ ಇವೆ, ತಮ್ಮ ತಮ್ಮ ಸೀಮೆಯನ್ನು ಮೂತ್ರ ಸಿಂಪಡಿಸಿ, ಮರ ಪರಚಿ ಗುರುತು ಮಾಡಿಕೊಂಡಿವೆ. ಜಾಗಕ್ಕಾಗಿ ಕಾದಾಡುವುದನ್ನು ಎಂದೂ ಕಾಣದ ಹುಲಿ ಅಲ್ಲಿನ ಗಂಡಿನ ಎದುರು ನಿಲ್ಲಲಾರದು. ಬಂಡೀಪುರ, ನಾಗರಹೊಳೆಯಷ್ಟು ಬಲಿಪ್ರಾಣಿಗಳು ಆ ದಟ್ಟ ಮಳೆಕಾಡಿನಲ್ಲಿ ಇಲ್ಲದಿರುವುದರಿಂದ ಒಂದೊಂದು ಹುಲಿಗೂ ಹೆಚ್ಚು ನೆಲ ಬೇಕು.

ಬಿಂಕದಕಟ್ಟಿಯಂಥ ಮೃಗಾಲಯದ ಹುಲಿಗೆ ನಾವು ಮಾಡಬಹುದಾದದ್ದು ಅದರ ಆವರಣದೊಳಗೇ ಇದೆ: ಅಡಗಲು ಎತ್ತರದ ಹುಲ್ಲು, ಬೇಸಿಗೆಯಲ್ಲಿ ಮುಳುಗಿ ಕೂರಲು ಆಳದ ನೀರು, ದಿನವೂ ಒಂದೇ ಜಾಗದಲ್ಲಿ ಸಿಗದೆ ಹುಡುಕಿ ತಿನ್ನಬೇಕಾದ ಮಾಂಸ, ಗಾಜು ಬಡಿಯದ, ಕಲ್ಲು ಎಸೆಯದ ನೋಡುಗರು.

ಕಾಡಿನ ಹುಲಿಗೆ ನೆರವಾಗಬೇಕೆಂಬ ಆಸೆ ಇದ್ದರೆ ನಮ್ಮ ಭಾಗದಲ್ಲಿ ನೋಡಬೇಕಾದದ್ದು ಕಲಘಟಗಿ, ಅಳ್ನಾವರದ ಕಾಡಂಚನ್ನು. ಹಂದಿಗೆಂದು ಹೊಲಕ್ಕೆ ಹರಿಸುವ ಕರೆಂಟು, ಜಿಂಕೆಗೆಂದು ಕಟ್ಟುವ ಉರುಳು ಹುಲಿಯ ಆ 500ರ ಲೆಕ್ಕವನ್ನು ತಿನ್ನುತ್ತವೆ, ಹುಲಿಯನ್ನೂ ತಿನ್ನುತ್ತವೆ. ಅದಕ್ಕಿಂತ ಘೋರವಾದದ್ದು ವಿಷ. ಕೊಂದ ಪ್ರಾಣಿಯ ಬಳಿಗೆ ಹುಲಿ ಮತ್ತೆ ಮತ್ತೆ ಬರುತ್ತದೆ ಎಂದೆನಲ್ಲ, ವಿಷ ಹಾಕುವವರಿಗೂ ಅದು ಗೊತ್ತು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ವಿಷ ಹಾಕಿದ ಹಸುವಿನ ಹೆಣ ತಿಂದು ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಒಟ್ಟಿಗೆ ಸತ್ತವು. ನಾಲ್ಕು ಮರಿಗಳನ್ನು ಅಷ್ಟು ದೊಡ್ಡವಾಗುವವರೆಗೆ ಸಾಕಿದ್ದ ತಾಯಿ ಅದು. ಬೇಟೆ ಚೆನ್ನಾಗಿಯೇ ಬರುತ್ತಿತ್ತು. ಹಸು ಕಳೆದುಕೊಂಡ ಮನೆಗೆ ಪರಿಹಾರದ ಹಣ ತಿಂಗಳುಗಟ್ಟಲೆ ಅಲೆದಾಡಿಸದೆ ಅದೇ ವಾರ ಕೈಸೇರುವಂತೆ ಮಾಡಿ ಎಂದು ನಿಮ್ಮ ತಾಲ್ಲೂಕಿನ ಪ್ರತಿನಿಧಿಗಳನ್ನು ಒತ್ತಾಯಿಸಿ. ಹೆಣದ ಮೇಲೆ ವಿಷ ಬೀಳುವುದು ಹೆಚ್ಚಾಗಿ ಆ ಮೊದಲ ಎರಡು ಮೂರು ದಿನಗಳ ಸಿಟ್ಟಿನಲ್ಲಿ.