ಹೋಲಿಫೀಲ್ಡ್‌ನ ಅತಿ ದೊಡ್ಡ ಗೆಲುವು ಯಾವುದು?

ಓದುಗರ ಪ್ರಶ್ನೆ: ಬಾಕ್ಸರ್ ಇವಾಂಡರ್ ಹೋಲಿಫೀಲ್ಡ್ ಎಂದರೆ ಎಲ್ಲರೂ ಮೈಕ್ ಟೈಸನ್ ಅವನ ಕಿವಿ ಕಚ್ಚಿದ ಪಂದ್ಯದ ಮಾತನ್ನೇ ಆಡುತ್ತಾರೆ. ಅದನ್ನು ಬಿಟ್ಟು ಅವನ ಗೆಲುವುಗಳಿಗೆ ಸ್ಥಾನ ಕೊಡುವುದಾದರೆ ಮೊದಲು ಬರುವುದು ಯಾವುದು? 1996ರಲ್ಲಿ ಟೈಸನ್‌ನನ್ನು ಸೋಲಿಸಿದ್ದೇ ತಾನೆ?

ಉತ್ತರ: ಬಹಳಷ್ಟು ಮಂದಿ ಹೌದು ಎನ್ನುತ್ತಾರೆ. ನಾನು ಅದಕ್ಕೆ ಎರಡನೇ ಸ್ಥಾನ ಕೊಡುತ್ತೇನೆ. ಮೊದಲ ಸ್ಥಾನ 1993ರ ನವೆಂಬರ್ 6ರಂದು ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್ ಬಯಲಿನಲ್ಲಿ ರಿಡಿಕ್ ಬೋ ವಿರುದ್ಧ ಸಿಕ್ಕ ಗೆಲುವಿಗೆ. ಎದುರಾಳಿಯ ಹೆಸರು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಆ ರಾತ್ರಿ ಅವನು ಎಷ್ಟು ಗಟ್ಟಿಯಿದ್ದ, ಹೋಲಿಫೀಲ್ಡ್ ಯಾವ ಸ್ಥಿತಿಯಲ್ಲಿ ರಿಂಗ್ ಹತ್ತಿದ ಎಂಬುದನ್ನೇ ನಾನು ನೋಡುವುದು.

ಬೋಗೆ ಆಗ 26 ವರ್ಷ. ಆಡಿದ 34 ಪಂದ್ಯಗಳನ್ನೂ ಗೆದ್ದಿದ್ದ. ಎತ್ತರ ಆರಡಿ ಐದು ಅಂಗುಲ. ಅಷ್ಟು ದೊಡ್ಡ ಆಳು ದೂರದಿಂದ ಜ್ಯಾಬ್ (ಮುಂದಿನ ಕೈಯ ಚುರುಕಾದ ನೇರ ಏಟು) ಹಾಕುವುದು ಸರಿ, ಮೈಗೆ ಮೈ ತಾಗಿಸಿ ನಿಂತು ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಎತ್ತುವ ಏಟು) ಹೊಡೆಯುವುದರಲ್ಲೂ ಪಳಗಿದ್ದ. ಹಿಂದಿನ ವರ್ಷವಷ್ಟೇ ಹೋಲಿಫೀಲ್ಡ್‌ನಿಂದ ಹೆವಿವೇಟ್ ವಿಶ್ವ ಪಟ್ಟ ಕಿತ್ತುಕೊಂಡವನು ಇವನೇ. ಆ ಪಂದ್ಯದ ಹತ್ತನೇ ರೌಂಡನ್ನು ಬಾಕ್ಸಿಂಗ್ ಪ್ರಿಯರು ಇವತ್ತಿಗೂ ಹುಡುಕಿ ನೋಡುತ್ತಾರೆ. ಬೋ ಹೊಡೆತಕ್ಕೆ ತತ್ತರಿಸಿದ ಹೋಲಿಫೀಲ್ಡ್, ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ತಿರುಗಿಬಿದ್ದು ರೌಂಡ್ ಮುಗಿಯುವ ಹೊತ್ತಿಗೆ ಬೋನನ್ನೇ ಹಿಂದಕ್ಕೆ ಅಟ್ಟಿದ್ದ. ಆದರೆ ಮುಂದಿನ ರೌಂಡಿನಲ್ಲಿ ನೆಲಕ್ಕೆ ಬಿದ್ದ, ಪಾಯಿಂಟ್‌ಗಳಲ್ಲಿ ಸೋತ. ಧೈರ್ಯ ಅವನನ್ನು ಹೊಡೆದಾಟಕ್ಕೆ ಎಳೆದಿತ್ತು, ಹೊಡೆದಾಟದಲ್ಲಿ ಮೈಭಾರ ಗೆದ್ದಿತ್ತು.

ಎರಡನೇ ಪಂದ್ಯಕ್ಕೆ ಹೋಲಿಫೀಲ್ಡ್ ಇಮ್ಯಾನ್ಯುಯಲ್ ಸ್ಟೀವರ್ಡ್ ಅವರನ್ನು ತರಬೇತುದಾರರನ್ನಾಗಿ ಮಾಡಿಕೊಂಡ. ಬದಲಾವಣೆ ಕಣ್ಣಿಗೆ ಹೊಡೆಯುವಂತಿತ್ತು. ನಾಲ್ಕೈದು ಪಂಚ್ ಒಟ್ಟಿಗೆ ಹೊಡೆದು ತಕ್ಷಣ ಪಕ್ಕಕ್ಕೆ ಸರಿಯುತ್ತಿದ್ದ. ಬೋ ಕೈ ಬೀಸುವ ಹೊತ್ತಿಗೆ ಆ ಜಾಗ ಖಾಲಿ. ಹಿಂದಿನ ಸಲ ಪ್ರತಿ ಏಟಿಗೂ ನಿಂತು ಉತ್ತರ ಕೊಡುತ್ತಿದ್ದವನು ಈಗ ಯಾವಾಗ ಹೊಡೆಯಬೇಕು, ಯಾವಾಗ ಬಿಡಬೇಕು ಎಂದು ತಾನೇ ತೀರ್ಮಾನಿಸುತ್ತಿದ್ದ. ತೂಕದಲ್ಲಿ ಬೋ 246 ಪೌಂಡ್, ಹೋಲಿಫೀಲ್ಡ್ 217. ಅಂದರೆ ಸುಮಾರು 13 ಕೆ.ಜಿ. ವ್ಯತ್ಯಾಸ.

ಏಳನೇ ರೌಂಡಿನಲ್ಲಿ ಆಗಬಾರದ್ದು ಆಯಿತು. ಮೋಟಾರು ಕಟ್ಟಿಕೊಂಡ ಪ್ಯಾರಾಗ್ಲೈಡರ್ ಒಂದರಲ್ಲಿ ಹಾರಿಬಂದವನೊಬ್ಬ ನೇರ ರಿಂಗಿನ ಹಗ್ಗಕ್ಕೆ ಬಂದು ಬಿದ್ದ. 20 ನಿಮಿಷಕ್ಕೂ ಹೆಚ್ಚು ಹೊತ್ತು ಆಟ ನಿಂತಿತು. ಬೋನ ಗರ್ಭಿಣಿ ಹೆಂಡತಿಯನ್ನೂ ಅವನ ಹಿರಿಯ ತರಬೇತುದಾರ ಎಡ್ಡಿ ಫಚ್ ಅವರನ್ನೂ ಆಸ್ಪತ್ರೆಗೆ ಒಯ್ಯಬೇಕಾಯಿತು. ಬೆವರಿದ ಮೈ ತಣ್ಣಗಾಗಿ ಮಾಂಸಖಂಡ ಬಿಗಿಯುವ ಆ ಬಯಲು ಚಳಿಯಲ್ಲಿ ಕಾದು, ಮತ್ತೆ ಮೊದಲಿನ ಲಯ ಹಿಡಿಯುವುದು ಇಬ್ಬರಿಗೂ ಸುಲಭವಿರಲಿಲ್ಲ. ಕೊನೆಗೆ ಇಬ್ಬರು ತೀರ್ಪುಗಾರರು 115-113, 115-114 ಎಂದು ಹೋಲಿಫೀಲ್ಡ್‌ಗೆ ಕೊಟ್ಟರು. ಮೂರನೆಯವರು 114-114 ಸಮ ಎಂದರು.

ಬೋ ಮೈ ಬೆಳೆಸಿಕೊಂಡು ಬಂದಿದ್ದ, ಮೊದಲ ಪಂದ್ಯಕ್ಕಿಂತ 11 ಪೌಂಡ್ ಹೆಚ್ಚಿದ್ದ ಎಂಬ ಆಕ್ಷೇಪ ಇದೆ. ನಿಜವೇ. ಆದರೂ ವೃತ್ತಿಪರ ಬಾಕ್ಸಿಂಗಿನಲ್ಲಿ ಬೋ ಸೋತದ್ದು ಇದೊಂದೇ ಸಲ. ಬೇರೆ ಯಾರಿಂದಲೂ ಆಗದ ಕೆಲಸ ಅದು. ಎರಡು ವರ್ಷದ ನಂತರ ಮೂರನೇ ಪಂದ್ಯದಲ್ಲಿ ಇದೇ ಬೋ ಹೋಲಿಫೀಲ್ಡ್‌ನನ್ನು ಎಂಟನೇ ರೌಂಡಿನಲ್ಲಿ ಮುಗಿಸಿದ. ಅದನ್ನು ನೋಡಿದ ಮೇಲಂತೂ 1993ರ ಗೆಲುವಿನ ಬೆಲೆ ನನ್ನ ಕಣ್ಣಲ್ಲಿ ಇನ್ನಷ್ಟು ಏರಿತು.

ಇನ್ನು ಟೈಸನ್. 1996ರ ನವೆಂಬರ್ 9ರ ಆ ರಾತ್ರಿಯ ಬೆರಗು ದೊಡ್ಡದು, ಅದನ್ನು ಕಡೆಗಣಿಸುವವನು ನಾನಲ್ಲ. 1994ರಲ್ಲಿ ಹೋಲಿಫೀಲ್ಡ್‌ಗೆ ಹೃದಯದ ತೊಂದರೆ ಇದೆ ಎಂದಿದ್ದರು. ಮರುವರ್ಷ ಬೋ ಕೈಯಲ್ಲಿ ಏಟು ತಿಂದಿದ್ದ. ಅವನ ಕಥೆ ಮುಗಿದಿದೆ ಎಂದೇ ಜನ ನಂಬಿದ್ದರು, ಬಾಜಿ ಶುರುವಾದಾಗ ಅವನ ಗೆಲುವಿನ ಮೇಲಿನ ದರ 25ಕ್ಕೆ 1 ಇತ್ತು. ಟೈಸನ್ ಮುನ್ನುಗ್ಗಿದಾಗ ಎಲ್ಲರೂ ಹಿಂದೆ ಸರಿಯುತ್ತಿದ್ದರು. ಹೋಲಿಫೀಲ್ಡ್ ಎದುರಿಗೇ ನಿಂತು ಕೈ ಕಟ್ಟಿಹಾಕಿದ, ತೋಳ್ಬಲದಿಂದ ಹಿಂದಕ್ಕೆ ತಳ್ಳಿದ, ಟೈಸನ್ ಹೊಡೆತ ಮುಗಿದ ಕೂಡಲೇ ತನ್ನದನ್ನು ಇಳಿಸಿದ. ಆರನೇ ರೌಂಡಿನಲ್ಲಿ ಪಕ್ಕದಿಂದ ಬೀಸಿದ ಎಡಗೈ ಹುಕ್‌ಗೆ ಟೈಸನ್ ನೆಲ ಕಂಡ. ಹನ್ನೊಂದನೇ ರೌಂಡಿನಲ್ಲಿ ರೆಫರಿ ಮಿಚ್ ಹಾಲ್ಪರ್ನ್ ಪಂದ್ಯ ನಿಲ್ಲಿಸಿದರು.

ಹಾಗಿದ್ದೂ ಎರಡನೇ ಸ್ಥಾನ ಏಕೆ? ಜೈಲಿನಿಂದ ಬಂದ ಮೇಲೆ ಟೈಸನ್ ಆಡಿದ್ದ ನಾಲ್ಕು ಪಂದ್ಯಗಳೂ ಸೇರಿ ಎಂಟು ರೌಂಡ್ ದಾಟಿರಲಿಲ್ಲ. ನಿಜವಾಗಿ ಅವನನ್ನು ಯಾರೂ ಪರೀಕ್ಷಿಸಿರಲೇ ಇಲ್ಲ. ಇಬ್ಬರೂ 1991ರಲ್ಲೇ ಎದುರಾಗಬೇಕಿತ್ತು. ಟೈಸನ್ ಪಕ್ಕೆಲುಬಿನ ಪೆಟ್ಟಿನಿಂದ ಅದು ತಪ್ಪಿತು. ಆಗ ನಡೆದು ಹೋಲಿಫೀಲ್ಡ್ ಗೆದ್ದಿದ್ದರೆ ನನ್ನ ಉತ್ತರವೇ ಬೇರೆಯಾಗುತ್ತಿತ್ತು. 1997ರ ಜೂನ್‌ನ ಕಿವಿಯ ಪಂದ್ಯಕ್ಕೆ ನನ್ನ ಪಟ್ಟಿಯಲ್ಲಿ ಜಾಗವಿಲ್ಲ. ಮೂರನೇ ರೌಂಡಿನಲ್ಲಿ ಎದುರಾಳಿ ಅನರ್ಹನಾಗಿ ಮುಗಿದ ಆಟದಲ್ಲಿ ತೂಗಿ ನೋಡಲು ಏನಿದೆ?

ಮೂರನೆಯದು ಹೆವಿವೇಟ್ ಪಂದ್ಯವೇ ಅಲ್ಲ. 1986ರ ಜುಲೈ, ಊರು ಅಟ್ಲಾಂಟಾ, ಎದುರಾಳಿ ಡ್ವೈಟ್ ಮುಹಮ್ಮದ್ ಖಾವಿ, ಪಣಕ್ಕಿದ್ದದ್ದು ಹೆವಿವೇಟ್‌ಗಿಂತ ಕೆಳಗಿನ ತೂಕದ ವರ್ಗವಾದ ಕ್ರೂಸರ್‌ವೇಟ್ ಪಟ್ಟ. ಹೋಲಿಫೀಲ್ಡ್‌ಗೆ ಅದು ಬರೀ 12ನೇ ವೃತ್ತಿಪರ ಪಂದ್ಯ. ಖಾವಿ ಕುಳ್ಳ, ಆದರೆ ಬಗ್ಗಿ ಒಳನುಗ್ಗಿ ಎಡೆಬಿಡದೆ ಹೊಡೆಯುವ ಅನುಭವಿ. 15 ರೌಂಡ್ ಒಂದೇ ವೇಗದಲ್ಲಿ ನಡೆದ ಆ ಕಾದಾಟದಲ್ಲಿ ಮೂವರಲ್ಲಿ ಇಬ್ಬರು ತೀರ್ಪುಗಾರರು ಹುಡುಗನ ಪರ ನಿಂತರು. ಗೆದ್ದವನ ಮೈಯಲ್ಲಿ ನೀರಿನಂಶವೇ ಉಳಿದಿರಲಿಲ್ಲ, ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದರು. ಮುಂದೆ ಹತ್ತು ವರ್ಷ ನಾವು ಕಂಡ ಹೋಲಿಫೀಲ್ಡ್ ಅಲ್ಲೇ ಹುಟ್ಟಿದ ಎಂದು ನನಗೆ ಅನ್ನಿಸುತ್ತದೆ. ಸಮಯವಿದ್ದರೆ ಆ ಪಂದ್ಯವನ್ನು ಪೂರ್ತಿ ನೋಡಿ.

ನಾಲ್ಕನೆಯದು 1997ರ ನವೆಂಬರ್‌ನಲ್ಲಿ ಮೈಕಲ್ ಮೂರರ್ ಮೇಲಿನದು. ಮೂರು ವರ್ಷ ಹಿಂದೆ ತನ್ನನ್ನು ಸೋಲಿಸಿದ್ದವನನ್ನು ಐದು ಸಲ ಕೆಡವಿದ. ಎಂಟನೇ ರೌಂಡಿನ ನಂತರ ವೈದ್ಯರೇ ಸಾಕು ಎಂದರು.

1990ರಲ್ಲಿ ಬಸ್ಟರ್ ಡಗ್ಲಸ್‌ನನ್ನು ಮೂರನೇ ರೌಂಡಿನಲ್ಲಿ ಮಲಗಿಸಿ ಹೆವಿವೇಟ್ ಪಟ್ಟವೇರಿದ್ದು ಐದನೆಯದು. ದೂರದಿಂದ ಅಪ್ಪರ್‌ಕಟ್ ಎಸೆದ ಡಗ್ಲಸ್‌ಗೆ ಒಂದು ಹೆಜ್ಜೆ ಹಿಂದೆ ಸರಿದು ಕೊಟ್ಟ ನೇರ ಬಲಗೈ ಏಟು ಅಚ್ಚುಕಟ್ಟಾದದ್ದು. ಆದರೆ ಟೋಕಿಯೋದಲ್ಲಿ ಟೈಸನ್‌ನನ್ನು ಕೆಡವಿದ ಡಗ್ಲಸ್ ಅಲ್ಲಿರಲಿಲ್ಲ. ಬಂದಿದ್ದವನು ತಯಾರಿಯಿಲ್ಲದೆ 14 ಪೌಂಡ್‌ಗೂ ಹೆಚ್ಚು ಮೈ ಬಂದಿದ್ದವನು. 42ರ ಜಾರ್ಜ್ ಫೋರ್ಮನ್‌ನನ್ನು 1991ರಲ್ಲಿ ಪಾಯಿಂಟ್‌ಗಳಲ್ಲಿ ಸೋಲಿಸಿದ್ದನ್ನು ಕೆಲವರು ಇದಕ್ಕಿಂತ ಮೇಲಿಡುತ್ತಾರೆ. ಅವರೊಂದಿಗೆ ನಾನು ಜಗಳಕ್ಕೆ ನಿಲ್ಲುವುದಿಲ್ಲ.